ಕಡಿತವಾದ ತೆರಿಗೆ ಮತ್ತು ಕೈಯಲ್ಲಿರಬೇಕಾದ ಸ್ವೀಕೃತಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕ ಬಂಧುಗಳೇ, ನಿವೃತ್ತ ಗುರುಗಳೇ,

ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ಇರುವ ಈ ಪತ್ರಿಕೆಯಲ್ಲಿ ಆದಾಯ ತೆರಿಗೆಯ ಮಾತು ಏಕೆ ಎಂದು ನೀವು ಕೇಳಬಹುದು. ಪಠ್ಯಪುಸ್ತಕ, ಖಾಲಿ ಹುದ್ದೆ, ಮಕ್ಕಳ ದಾಖಲಾತಿ ಇವೇ ನಮ್ಮ ಎಂದಿನ ವಿಷಯಗಳು. ಆದರೆ ಪಗಾರದಲ್ಲಿ ಹೆಚ್ಚಾಗಿ ಹಿಡಿದ ತೆರಿಗೆ ವರ್ಷಗಟ್ಟಲೆ ಮರಳಿ ಬಾರದಿರುವುದಕ್ಕೂ, ಕನ್ನಡ ಹುದ್ದೆಗಾಗಿ ಕೊಟ್ಟ ಅರ್ಜಿಗೆ ಉತ್ತರ ಬಾರದಿರುವುದಕ್ಕೂ ಬೇರು ಒಂದೇ. ಕೊಟ್ಟದ್ದಕ್ಕೆ ನಮ್ಮ ಕೈಯಲ್ಲಿ ಪುರಾವೆ ಇರುವುದಿಲ್ಲ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆ ಸರಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಅರ್ಥವಾಗುವಷ್ಟು ಮತ್ತೆಲ್ಲೂ ಆಗುವುದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ತೆರಿಗೆಯ ಮರುಪಾವತಿ ಸರಕಾರ ಮಾಡುವ ಉಪಕಾರವಲ್ಲ. ಲೆಕ್ಕಕ್ಕಿಂತ ಹೆಚ್ಚು ಹಿಡಿದ ನಿಮ್ಮದೇ ಹಣ ಅದು. ಬಾಕಿ ತುಟ್ಟಿಭತ್ಯೆ ಒಟ್ಟಿಗೆ ಬಂದ ವರ್ಷ, ಉಳಿತಾಯದ ಕಾಗದಗಳನ್ನು ಕಚೇರಿಯವರು ಲೆಕ್ಕಕ್ಕೆ ತೆಗೆದುಕೊಳ್ಳದ ವರ್ಷ, ಬ್ಯಾಂಕಿನವರು ಠೇವಣಿಯ ಬಡ್ಡಿಯ ಮೇಲೆ ತೆರಿಗೆ ಮುರಿದ ವರ್ಷ ಹೀಗಾಗುತ್ತದೆ. 2025-26ನೇ ಸಾಲಿನ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗೆ, ಸಂಬಳದವರಿಗೆ 75 ಸಾವಿರದ ಪ್ರಮಾಣಿತ ಕಡಿತ ಸೇರಿ 12 ಲಕ್ಷ 75 ಸಾವಿರದವರೆಗೆ, ತೆರಿಗೆ ಬೀಳುವುದಿಲ್ಲ. "ಹಾಗಾದರೆ ನಮಗೆ ರಿಟರ್ನಿನ ಗೊಡವೆ ಬೇಡ" ಎನ್ನುವವರು ಹೆಚ್ಚಾಗಿದ್ದಾರೆ. ಇದು ತಪ್ಪು ತಿಳಿವಳಿಕೆ. ತೆರಿಗೆ ಬೀಳದಿದ್ದರೂ, ಮೂಲದಲ್ಲಿ ಕಡಿತವಾದ ಹಣ ರಿಟರ್ನ್ ಸಲ್ಲಿಸದೆ ಮರಳಿ ಬರುವುದಿಲ್ಲ.

ತಡವಾದರೆ ಬಡ್ಡಿಯೂ ನಿಮ್ಮ ಹಕ್ಕೇ. 1961ರ ಆದಾಯ ತೆರಿಗೆ ಕಾಯ್ದೆಯ 244ಎ ಕಲಂ ಪ್ರಕಾರ, ಮುದ್ದತಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಶೇಕಡ ಅರ್ಧದಂತೆ ಬಡ್ಡಿ ಕೂಡುತ್ತದೆ. ಒಬ್ಬ ಶಿಕ್ಷಕರಿಗೆ 18,000 ರೂಪಾಯಿ ಬರಬೇಕಾಗಿದ್ದು ಅದು ಡಿಸೆಂಬರಿನಲ್ಲಿ ಬಂದಿತು ಎಂದಿಟ್ಟುಕೊಳ್ಳಿ. ಒಂಬತ್ತು ತಿಂಗಳಿಗೆ 810 ರೂಪಾಯಿ ಬಡ್ಡಿ ಸೇರಬೇಕು. ಮುದ್ದತು ಮೀರಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ ಮಾತ್ರ ಬಡ್ಡಿ. ಮರುಪಾವತಿಯ ಮೊತ್ತ ಒಟ್ಟು ತೆರಿಗೆಯ ಶೇಕಡ 10ಕ್ಕಿಂತ ಕಡಿಮೆ ಇದ್ದರೆ ಬಡ್ಡಿ ಇಲ್ಲ. ಇಲಾಖೆಗೂ ಒಂದು ಗಡುವು ಇದೆ. ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಅದು 143(1) ಕಲಮಿನ ಸೂಚನಾಪತ್ರ ಕಳಿಸಬೇಕು. 2025ರ ಜುಲೈನಲ್ಲಿ ಸಲ್ಲಿಸಿದ ರಿಟರ್ನಿಗೆ ಆ ಗಡುವು 2026ರ ಡಿಸೆಂಬರ್ 31. ಸಲ್ಲಿಸಿದ ದಿನ ಯಾವುದೆಂದು ತೋರಿಸಲಾಗದವನು ಈ ಗಡುವನ್ನೂ ಆ ಬಡ್ಡಿಯನ್ನೂ ಹೇಗೆ ಕೇಳಿಯಾನು?

ಇನ್ನು ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ನೋಡಿ. ಎಲ್ಲ ತಪ್ಪೂ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ್ದಲ್ಲ. ಸರಕಾರಿ ಶಾಲೆಯ ಪಗಾರದಿಂದ ಹಿಡಿದ ತೆರಿಗೆ ಚಲನಿನ ಮೂಲಕ ಹೋಗುವುದಿಲ್ಲ, ಖಜಾನೆಯ ಲೆಕ್ಕಪುಸ್ತಕದಲ್ಲೇ ಹೊಂದಾಣಿಕೆಯಾಗುತ್ತದೆ. ಖಜಾನೆಯವರು 24 ಜಿ ಎಂಬ ವಿವರಣೆ ಸಲ್ಲಿಸಬೇಕು. ಅದರಲ್ಲಿ ಬಂದ ಸಂಖ್ಯೆಯನ್ನು ಹಾಕಿ, ನಿಮ್ಮ ಪಗಾರದ ಬಿಲ್ಲು ಮಾಡುವ ಅಧಿಕಾರಿ ಮೂರು ತಿಂಗಳಿಗೊಮ್ಮೆ 24 ಕ್ಯೂ ಸಲ್ಲಿಸಬೇಕು. ಎರಡೂ ತಾಳೆಯಾದರೆ ಮಾತ್ರ ಆ ತೆರಿಗೆ ನಿಮ್ಮ 26 ಎ.ಎಸ್. ವಿವರದಲ್ಲಿ ಕಾಣುತ್ತದೆ. ಅಧಿಕಾರಿ ಅದನ್ನು ಸಲ್ಲಿಸದಿದ್ದರೆ, ಅಥವಾ ನಿಮ್ಮ ಪ್ಯಾನ್ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೆ, ಪಗಾರದಿಂದ ಹಣ ಹೋಗಿರುತ್ತದೆ, ಇಲಾಖೆಯ ಕಣ್ಣಿಗೆ ಮಾತ್ರ ಅದು ಬಂದೇ ಇರುವುದಿಲ್ಲ. ಮರುಪಾವತಿಯ ಬದಲು ಬಾಕಿ ಕಟ್ಟಿರೆಂಬ ನೋಟೀಸು ಬಂದರೂ ಬಂತು.

ಅಂಥ ನೋಟೀಸಿಗೆ ಅಂಜಬೇಕಾಗಿಲ್ಲ. ಮೂಲದಲ್ಲಿ ಕಡಿತವಾದಷ್ಟು ತೆರಿಗೆಯನ್ನು ನೌಕರನಿಂದ ಮತ್ತೆ ಕೇಳಬಾರದೆಂದು ಅದೇ ಕಾಯ್ದೆಯ 205ನೇ ಕಲಂ ಹೇಳುತ್ತದೆ. ಕಡಿತ ಮಾಡಿದವರು ಹಣ ಜಮಾ ಮಾಡದಿದ್ದ ಪ್ರಕರಣಗಳಲ್ಲಿ ನೌಕರನಿಂದ ವಸೂಲಿ ಮಾಡಬಾರದೆಂದು ಕೇಂದ್ರ ನೇರ ತೆರಿಗೆ ಮಂಡಳಿ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಬರೆದಿದೆ. ಆದರೆ ಕಡಿತವಾಗಿದೆ ಎಂದು ತೋರಿಸುವವರು ಯಾರು? ನೀವೇ. ಪಗಾರ ಚೀಟಿ, ಫಾರಂ 16 ಮತ್ತು ಬ್ಯಾಂಕಿನ ಪಾಸ್‌ಬುಕ್ಕು ಇಲ್ಲದಿದ್ದರೆ ಕಾನೂನು ನಿಮ್ಮ ಕಡೆಗಿದ್ದೂ ನೀವು ಸೋಲುತ್ತೀರಿ.

ಕಾಲವೂ ಈಗ ಮೊದಲಿನಷ್ಟು ಉದಾರವಾಗಿಲ್ಲ. ಹಳೆಯ ಕಾಯ್ದೆಯ ಕೊನೆಯ ದಿನಗಳಲ್ಲಿ ಕಡಿತದ ವಿವರಣೆಯನ್ನು ತಿದ್ದಲು ಕಚೇರಿಗೆ ಆರು ವರ್ಷದ ಅವಕಾಶವಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ಹೆಸರು, ಸಂಖ್ಯೆ ಏನೇ ಆಗಲಿ, ಪ್ರತಿ ವರ್ಷ ಜೂನ್ ತಿಂಗಳಲ್ಲೇ ಫಾರಂ 16ನ್ನು ಕೇಳಿ ಪಡೆದು 26 ಎ.ಎಸ್. ಜೊತೆ ತಾಳೆ ನೋಡದವರ ಹಣ ಇನ್ನು ಮುಂದೆ ತಡವಾಗುವುದಷ್ಟೇ ಅಲ್ಲ, ಕಳೆದೇ ಹೋಗಬಹುದು.

ಗಡಿಯವರಾದ ನಮಗೆ ಇನ್ನೊಂದು ವಿಶೇಷ ತೊಡಕಿದೆ. ಅದು ನಮ್ಮ ಹೆಸರು. ಕನ್ನಡದ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ, ಮಂಡಲ ಕಚೇರಿಯಲ್ಲಿ ತೆಲುಗಿನಲ್ಲಿ, ಅಲ್ಲಿಂದ ಇಂಗ್ಲಿಷಿಗೆ ಹೋಗುತ್ತದೆ. ಬಸವರಾಜ ಎಂಬಲ್ಲಿಯ 'ವ' ಒಂದು ಕಾಗದದಲ್ಲಿ 'ವಿ' ಅಕ್ಷರವಾದರೆ ಇನ್ನೊಂದರಲ್ಲಿ 'ಡಬ್ಲ್ಯು' ಆಗುತ್ತದೆ. ಒಂದು ಕಡೆ ಮನೆತನದ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಮರುಪಾವತಿ ಈಗ ಪ್ಯಾನ್‌ಗೆ ಜೋಡಣೆಯಾಗಿ ಮುಂಚಿತವಾಗಿ ದೃಢೀಕರಿಸಿದ ಖಾತೆಗೆ ಮಾತ್ರ ಬರುತ್ತದೆ. ಪ್ಯಾನ್, ಆಧಾರ್, ಬ್ಯಾಂಕು ಮೂರರಲ್ಲೂ ಹೆಸರು ಹೊಂದದಿದ್ದರೆ ಆ ದೃಢೀಕರಣ ನಿಲ್ಲುತ್ತದೆ. ಆಧಾರ್ ಜೋಡಿಸದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ, ನಿಷ್ಕ್ರಿಯವಾಗಿರುವಷ್ಟು ಕಾಲ ಮರುಪಾವತಿಯೂ ಇಲ್ಲ, ಅದರ ಬಡ್ಡಿಯೂ ಇಲ್ಲ.

ಬ್ಯಾಂಕುಗಳೂ ಹೆಸರು ಬದಲಿಸಿವೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಆಂಧ್ರಾ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಅದೇ ದಿನ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಆಂಧ್ರಪ್ರದೇಶ ಗ್ರಾಮೀಣ ವಿಕಾಸ ಬ್ಯಾಂಕಿನ ತೆಲಂಗಾಣದ ಶಾಖೆಗಳು 2025ರ ಜನವರಿ 1ರಿಂದ ತೆಲಂಗಾಣ ಗ್ರಾಮೀಣ ಬ್ಯಾಂಕಿಗೆ ಸೇರಿವೆ. ಹಳೆಯ ಖಾತೆಯ ವಿವರವನ್ನೇ ಪೋರ್ಟಲಿನಲ್ಲಿ ಬಿಟ್ಟವರು ಇಂದೇ ನೋಡಿಕೊಳ್ಳಿರಿ. ಹಣ ಹೋಗಿ ಹಿಂದಿರುಗಿದ್ದರೆ ಖಾತೆ ಸರಿಪಡಿಸಿ, ಮರುಪಾವತಿಯನ್ನು ಮತ್ತೆ ಕಳಿಸಿರೆಂಬ ಕೋರಿಕೆಯನ್ನು ಅಲ್ಲೇ ಸಲ್ಲಿಸಬಹುದು.

"ಎಲ್ಲವೂ ಕಂಪ್ಯೂಟರಿನಲ್ಲಿದೆ, ಕಾಗದ ಇಟ್ಟುಕೊಂಡು ಏನು ಮಾಡುವುದು?" ಎಂದು ಕೆಲವು ಕಿರಿಯ ಮಿತ್ರರು ಹೇಳುತ್ತಾರೆ. 2021ರ ಜೂನ್ 7ರಂದು ಆರಂಭವಾದ ಹೊಸ ಪೋರ್ಟಲು ತಿಂಗಳುಗಟ್ಟಲೆ ತಡವರಿಸಿದ್ದನ್ನು ಅವರು ಮರೆತಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಚರಿತ್ರೆಯಲ್ಲೇ ಇದೆ. 1956ರ ಅಕ್ಟೋಬರ್ 31ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯದು, ಮರುದಿನದಿಂದ ಮಹಬೂಬನಗರದ್ದು. 2016ರ ಅಕ್ಟೋಬರ್ 11ರಂದು, ಆರ್ಥಿಕ ವರ್ಷದ ನಟ್ಟನಡುವೆ, ಗದ್ವಾಲ ತಾನೇ ಜಿಲ್ಲೆಯಾಯಿತು. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಗಿ ಮಕ್ತಲ್ ಅದರೊಳಗೆ ಬಂದಿತು. ಒಂದೊಂದು ಸಲ ಗಡಿ ಸರಿದಾಗಲೂ ಕಚೇರಿ ಬದಲು, ಕಡತ ಬದಲು, ಉತ್ತರ ಹೇಳುವ ಅಧಿಕಾರಿ ಬದಲು. ವರ್ಷದ ನಡುವೆ ವರ್ಗವಾದ ಶಿಕ್ಷಕರಿಗೆ ಎರಡು ಕಚೇರಿಗಳಿಂದ ಎರಡು ಫಾರಂ 16 ಬೇಕಾಗುತ್ತವೆ. ಸರಕಾರದ ಕಪಾಟು ಊರು ಬಿಡುತ್ತದೆ, ನಿಮ್ಮ ಮನೆಯ ಪೆಟ್ಟಿಗೆ ಬಿಡುವುದಿಲ್ಲ.

ಆದ್ದರಿಂದ ವರ್ಷಕ್ಕೊಂದು ಲಕೋಟೆ ಮಾಡಿರಿ. ಅದರಲ್ಲಿ ಹನ್ನೆರಡು ಪಗಾರ ಚೀಟಿ, ಫಾರಂ 16, 26 ಎ.ಎಸ್. ಪ್ರತಿ, ಸಲ್ಲಿಸಿದ ರಿಟರ್ನ್, ಹದಿನೈದು ಅಂಕಿಗಳ ಸ್ವೀಕೃತಿ ಸಂಖ್ಯೆ ಇರುವ ಸ್ವೀಕೃತಿಪತ್ರ, 143(1)ರ ಸೂಚನಾಪತ್ರ, ಹಣ ಜಮಾ ಆದ ಪಾಸ್‌ಬುಕ್ಕಿನ ಪುಟ ಇರಲಿ. ಬಾಕಿ ಪಗಾರ ಬಂದ ವರ್ಷ 89ನೇ ಕಲಮಿನ ಪರಿಹಾರ ಕೇಳುವವರು ರಿಟರ್ನಿಗಿಂತ ಮೊದಲೇ ಸಲ್ಲಿಸಬೇಕಾದ ಫಾರಂ 10 ಇ ಸ್ವೀಕೃತಿಯೂ ಇರಲಿ. ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು, 30 ದಿನದೊಳಗೆ ಅದನ್ನು ದೃಢೀಕರಿಸಬೇಕು. ತಪ್ಪಿದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನವೆನಿಸುತ್ತದೆ. ಆಧಾರ್ ಸಂಖ್ಯೆಯ ಮೂಲಕ ಆಗದವರು ಸಹಿ ಮಾಡಿದ ಪ್ರತಿಯನ್ನು ಬೆಂಗಳೂರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಅದರ ರಸೀದಿಯನ್ನು ಲಕೋಟೆಯಲ್ಲಿ ಹಾಕಲಿ. ಕಚೇರಿಗೆ ಕೊಟ್ಟ ಪ್ರತಿ ಅರ್ಜಿಯ ನಕಲಿನ ಮೇಲೆ ಮೊಹರು, ತಾರೀಖು, ಸಹಿ ಬೇಕೇ ಬೇಕು. ಇವನ್ನು ಕನಿಷ್ಠ ಏಳು ವರ್ಷ ಇಡಿರಿ. ರಿಟರ್ನ್ ಸಲ್ಲಿಸಲು ತಡವಾದವರು ಮನ್ನಿಸಿರೆಂದು ಕೇಳಲು ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆ ತೆರಿಗೆ ನಿರ್ಧಾರಣಾ ವರ್ಷದ ಅಂತ್ಯದಿಂದ ಐದು ವರ್ಷದ ಅವಕಾಶ ಕೊಟ್ಟಿದೆ.

ಈಗ ಭಾಷೆಯ ಮಾತು. ಕನ್ನಡದಲ್ಲಿ ಬರೆದ ದೂರನ್ನು ತೆಗೆದುಕೊಳ್ಳುವುದಿಲ್ಲ ಎಂದು ಯಾರಾದರೂ ಹೇಳಿದರೆ ಸಂವಿಧಾನದ 350ನೇ ಅನುಚ್ಛೇದವನ್ನು ತೋರಿಸಿರಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಅದು ಹೇಳಿಲ್ಲ. ಕಾಸರಗೋಡಿನ ನಮ್ಮ ಬಂಧುಗಳ ಸ್ಥಿತಿ ಕಾಗದದ ಮೇಲಾದರೂ ಇದಕ್ಕಿಂತ ಉತ್ತಮ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಅಲ್ಲಿನ ಕನ್ನಡಿಗರಿಗೆ ರಾಜ್ಯ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲೂ ಕನ್ನಡದಲ್ಲೇ ಉತ್ತರ ಪಡೆಯಲೂ ಅವಕಾಶ ಕೊಟ್ಟಿದೆ. ತೆಲಂಗಾಣದ ಗಡಿ ಮಂಡಲಗಳ ಕನ್ನಡಿಗರಿಗೂ ಇಂಥ ಏರ್ಪಾಟು ಬೇಕೆಂದು ನಾವು ಕೇಳಬೇಕು.

ಕೇಳುವಾಗ ಪುರಾವೆ ನಮ್ಮ ಬಳಿ ಇರಬೇಕು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರ ನಿಮಗೆ ನೆನಪಿದೆ: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರು. ಹತ್ತು ಪಾಲಕರು ಬಾಯಲ್ಲಿ ಹೇಳಿದರೆ ಅದು ಸಂಖ್ಯೆಯಲ್ಲ, ಮೊಹರು ಬಿದ್ದ ಹತ್ತು ಅರ್ಜಿಗಳು ಸಂಖ್ಯೆ. ತೆರಿಗೆಯ ಲಕೋಟೆ ಇಡಲು ಕಲಿತ ಶಿಕ್ಷಕ ಶಾಲೆಯ ಅರ್ಜಿಗಳ ಕಡತವನ್ನೂ ಇಡಬಲ್ಲ. ತನ್ನ 18,000 ರೂಪಾಯಿಯನ್ನು ಕೇಳಲು ಅಂಜುವವನು ಮಕ್ಕಳ ಪರವಾಗಿ ಹುದ್ದೆ ಕೇಳಲಾರ.

ಪ್ರತಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದು ಸ್ವೀಕೃತಿ ವಹಿ ಇರಲಿ, ಅದು ಕನ್ನಡದಲ್ಲೇ ಇರಲಿ. ಯಾರಿಗೆ, ಯಾವ ತಾರೀಖು, ಯಾವ ಕಾಗದ ಕೊಟ್ಟೆವು, ಏನು ಉತ್ತರ ಬಂದಿತು ಎಂಬ ನಾಲ್ಕು ಅಂಕಣ ಸಾಕು. ಜೂನ್ 15ರೊಳಗೆ ಫಾರಂ 16 ಕೊಡದ ಅಧಿಕಾರಿಗೆ ಶಾಲೆಯ ಎಲ್ಲ ಶಿಕ್ಷಕರೂ ಸೇರಿ ಒಂದೇ ಪತ್ರ ಬರೆಯಲಿ. ಒಬ್ಬೊಬ್ಬರೇ ಹೋದರೆ ಬೇಡಿದಂತೆ, ಒಟ್ಟಾಗಿ ಹೋದರೆ ಕೇಳಿದಂತೆ. ಕೃಷ್ಣಾ, ಮಾಗನೂರು ಕಡೆಯ ಶಾಲೆಗಳವರು ಬರುವ ಬೇಸಿಗೆ ರಜೆಗೆ ಮೊದಲೇ ಈ ಕೆಲಸ ಆರಂಭಿಸಿದರೆ ಉಳಿದವರು ನೋಡಿ ಅನುಸರಿಸುವರು.