ಮಾತ್ರೆ ಮುಗಿದರೂ ಉರಿ ನಿಲ್ಲದಿದ್ದರೆ

ಲೈಂಗಿಕ ಸೋಂಕಿಗೆ ಮಾತ್ರೆ ನುಂಗಿ ಎರಡು ವಾರವಾಗಿದೆ. ಬಿಳಿಸೆರಗು, ತುರಿಕೆ, ಉರಿ ಮಾತ್ರ ಹೋಗಿಲ್ಲ. ದರೋಜಿ, ಕಂಪ್ಲಿ ಕಡೆಯ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದೇ ಕಡಿಮೆ. ಹಳೆ ಚೀಟಿ ಕೊಟ್ಟು ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತರಿಸಿಕೊಳ್ಳುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ.

ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಬಿಳಿಸೆರಗಿಗೆ ಉಚಿತವಾಗಿ ಕೊಡುವ ಹಸಿರು ಕಿಟ್ ಅನ್ನೇ ನೋಡಿ. ಅದರಲ್ಲಿ ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೋನಜೋಲ್ 150 ಮಿಲಿಗ್ರಾಂ ಇರುತ್ತವೆ. ಮೊದಲನೆಯದು ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿಗೆ ಮತ್ತು ಯೋನಿಯ ಬ್ಯಾಕ್ಟೀರಿಯಾಗಳ ಏರುಪೇರಿಗೆ, ಎರಡನೆಯದು ಶಿಲೀಂಧ್ರಕ್ಕೆ. ಗರ್ಭಕೊರಳಿನಲ್ಲಿ ಗೊನೊರಿಯಾ ಅಥವಾ ಕ್ಲಮೈಡಿಯಾ ಕೂತಿದ್ದರೆ ಇದು ನಾಟುವುದಿಲ್ಲ. ಅದಕ್ಕೆ ಅಜಿಥ್ರೊಮೈಸಿನ್, ಸೆಫಿಕ್ಸಿಮ್ ಇರುವ ಬೂದು ಬಣ್ಣದ ಕಿಟ್ ಇದೆ. ಲಕ್ಷಣ ನೋಡಿ ಔಷಧ ಕೊಡುವ ಈ ಪದ್ಧತಿಯಿಂದ ಲ್ಯಾಬ್ ದೂರವಿರುವ ಊರುಗಳಿಗೆ ದೊಡ್ಡ ಉಪಕಾರವಾಗಿದೆ. ಆದರೆ ಮೊದಲ ಅಂದಾಜು ತಪ್ಪಿದ್ದರೆ ಅದೇ ಕಿಟ್ಟನ್ನು ಎಷ್ಟು ಸಲ ನುಂಗಿದರೂ ಪ್ರಯೋಜನವಿಲ್ಲ.

ಇನ್ನು ಗಂಡನ ವಿಷಯ. ಟ್ರೈಕೊಮೊನಾಸ್ ತಗುಲಿದ ಗಂಡಸರಲ್ಲಿ ಬಹುಪಾಲು ಮಂದಿಗೆ ಏನೂ ತೋರುವುದಿಲ್ಲ. ‘ನನಗೇನಾಗಿದೆ?’ ಎಂದು ಆತ ಆಸ್ಪತ್ರೆಯ ಮೆಟ್ಟಿಲೇ ಹತ್ತುವುದಿಲ್ಲ. ವಾಸಿಯಾದ ಹೆಂಡತಿಗೆ ಸೋಂಕು ಮತ್ತೆ ಅವನಿಂದಲೇ ಅಂಟುತ್ತದೆ, ಅಪವಾದವೂ ಅವಳ ಪಾಲಿಗೇ ಬರುತ್ತದೆ. ಇದು ಘೋರ ಅನ್ಯಾಯ. ಇಬ್ಬರೂ ಔಷಧ ಪಡೆಯಬೇಕು, ಇಬ್ಬರದೂ ಮುಗಿದು ಏಳು ದಿನ ಕಳೆಯುವವರೆಗೆ ದೂರವಿರಬೇಕು. ಬ್ಯಾಕ್ಟೀರಿಯಾ ಏರುಪೇರಿನ ಬಗ್ಗೆಯೂ ಹೊಸ ತಿಳಿವಳಿಕೆ ಬಂದಿದೆ: 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ, ಹೆಂಡತಿಗಷ್ಟೇ ಔಷಧ ಕೊಟ್ಟಾಗ 12 ವಾರದೊಳಗೆ 63% ಮಂದಿಯಲ್ಲಿ ತೊಂದರೆ ಮರುಕಳಿಸಿತು; ಸಂಗಾತಿಗೂ ಮಾತ್ರೆ, ಮುಲಾಮು ಕೊಟ್ಟಾಗ 35%ಕ್ಕೆ ಇಳಿಯಿತು.

ಸೋಂಕು ಹೋಗಿದ್ದರೂ ತುರಿಕೆ ಉಳಿಯಬಹುದು. ಆ್ಯಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ಶಿಲೀಂಧ್ರ ಬೆಳೆದು, ಒಡೆದ ಮೊಸರಿನಂಥ ಬಿಳುಪು ಬರುತ್ತದೆ. ಇದು ಪದೇ ಪದೇ ಆದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ವಾಸನೆಗೆ ಹೆದರಿ ಡೆಟಾಲ್, ಸೋಪು ಹಾಕಿ ಒಳಗೆ ತೊಳೆದರೆ ಉರಿ ಹೆಚ್ಚುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು.

ಮತ್ತೆ ತೋರಿಸಲು ಹೋಗುವಾಗ ನುಂಗಿದ ಮಾತ್ರೆಯ ಖಾಲಿ ಹಾಳೆಯನ್ನು ಒಯ್ಯಿರಿ. ಸ್ರಾವದ ಹನಿಯನ್ನು ಮೈಕ್ರೋಸ್ಕೋಪಿನಡಿ ನೋಡಲು, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ಸ್ವ್ಯಾಬ್ ಕಳಿಸಲು ಸಾಧ್ಯವೇ ಎಂದು ಕೇಳಿ. ಟ್ರೈಕೊಮೊನಾಸ್ ಖಚಿತವಾದರೆ ಹೆಂಗಸರಿಗೆ ಒಂದೇ ಡೋಸಿಗಿಂತ ಏಳು ದಿನದ ಮೆಟ್ರೊನಿಡಜೋಲ್ ಮೇಲು. ಮೂರು ತಿಂಗಳಿಗೆ ಮರುಪರೀಕ್ಷೆ ಬೇಕು.

ಕಿಬ್ಬೊಟ್ಟೆ ನೋವು, ಜ್ವರ, ಕೂಡಿದ ಮೇಲೆ ರಕ್ತ ಕಂಡರೆ, ಇಲ್ಲವೇ ಗರ್ಭಿಣಿಯಾಗಿದ್ದರೆ ಕಾಯಬೇಡಿ, ಅದೇ ದಿನ ಹೋಗಿ. ದಾರಿ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.