ಮುಂಡರ ನಾಡಿನ ಧರ್ಮಕೇಂದ್ರ

ಪರದೇಶದ ಪಾದ್ರಿಯೊಬ್ಬರು ಕಾಡುನಾಡಿಗೆ ಬಂದರೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಶಿಲುಬೆ, ಶಾಲೆ, ಔಷಧದ ಪೆಟ್ಟಿಗೆ. ಛೋಟಾನಾಗಪುರದ ತೋರ್ಪಾ ಎಂಬ ಊರಿನಲ್ಲಿ ಇವುಗಳಿಗಿಂತ ಮುಖ್ಯವಾದುದು ಭೂಮಿಯ ಕಾಯಿದೆ.

ರಾಂಚಿಯ ದಕ್ಷಿಣಕ್ಕಿರುವ ಆ ಸೀಮೆಯು ಮುಂಡರದು. ಕಾಡು ಕಡಿದು ಊರು ಕಟ್ಟಿದ ಕುಲಕ್ಕೇ ಆ ನೆಲವು ಸೇರತಕ್ಕದ್ದೆಂಬುದು ಅವರ ಪೂರ್ವಪದ್ಧತಿ. ಇದನ್ನು ಖುಂಟ್‌ಕಟ್ಟಿ ಎನ್ನುವರು. ಹಕ್ಕಿಗೆ ಬರೆದ ಪತ್ರವಿಲ್ಲ; ಹಿರಿಯರ ಸಮಾಧಿಯ ಚಪ್ಪಡಿಗಲ್ಲುಗಳೇ ಸಾಕ್ಷಿ. ಹೊರಗಿನ ಜಮೀನ್ದಾರರೂ ಠೇಕೇದಾರರೂ ಕಚೇರಿಯ ಕಾಗದಗಳನ್ನು ಹಿಡಿದು ಬರಲು, ಕಲ್ಲಿನ ಸಾಕ್ಷಿಯನ್ನು ಕೇಳುವವರಿಲ್ಲವಾಯಿತು. ನೆಲ ಹೋಯಿತು, ಉಳಿದುದಕ್ಕೆ ಗೇಣಿ ಏರಿತು, ಮೇಲೆ ಬಿಟ್ಟಿ ಚಾಕರಿ ಬೇರೆ.

ರಾಂಚಿಯಲ್ಲಿ 1845ರಿಂದಲೂ ಜರ್ಮನಿಯ ಲೂಥರನ್ ಪಾದ್ರಿಗಳಿದ್ದರು. 1869ರಲ್ಲಿ ಫಾದರ್ ಸ್ಟಾಕ್‌ಮನ್ನರು ಚಾಯಿಬಾಸಾದಲ್ಲಿ ಕಥೋಲಿಕರ ಕೆಲಸಕ್ಕೆ ಮೊದಲಿಟ್ಟರೂ ಫಲವು ಅಲ್ಪವೇ ಆಗಿದ್ದಿತು. 1885ರಲ್ಲಿ ಬಂದವರು ಕಾನ್‌ಸ್ಟಂಟ್ ಲೀವನ್ಸ್. ಬೆಲ್ಜಿಯಂ ದೇಶದ ರೈತನ ಮಗ, ಇನ್ನೂ ಮೂವತ್ತು ತುಂಬದ ಜೆಸ್ವಿಟ್ ಗುರುಗಳು. ತೋರ್ಪಾದಲ್ಲಿ ನೆಲಸಿ ಮುಂಡರ ಪದ್ಧತಿಗಳನ್ನೂ ಗೇಣಿಯ ಕಾನೂನನ್ನೂ ಅಭ್ಯಾಸಮಾಡಿದರು. ದಾವೆಗಳಲ್ಲಿ ರೈತರಿಗೆ ಸಲಹೆಯಿತ್ತು, ನ್ಯಾಯಸ್ಥಾನದಲ್ಲಿ ಅವರ ಪಕ್ಷವು ಕೇಳಿಬರುವಂತೆ ಮಾಡಿದರು. ಆಮೇಲೆ ಹಳ್ಳಿಗೆ ಹಳ್ಳಿಯೇ ಅವರಲ್ಲಿಗೆ ಬಂದಿತು. ಏಳು ವರ್ಷಗಳೊಳಗೆ ಹತ್ತಾರು ಸಾವಿರ ಮಂದಿ ಸಭೆಗೆ ಸೇರಿದರು. ಗುರುಗಳಿಗಾದರೋ ಕ್ಷಯರೋಗವು ತಗುಲಿತು. 1892ರಲ್ಲಿ ಸ್ವದೇಶಕ್ಕೆ ಮರಳಿ, ಮರುವರ್ಷವೇ ತೀರಿಕೊಂಡರು.

ದಾವೆಯ ಆಸೆಯಿಂದ ಬಂದ ಭಕ್ತಿಯು ಎಷ್ಟು ದಿನದ್ದು ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ನೆಲವು ಮರಳಿ ಬಾರದೆ ಹೋದಾಗ ಅನೇಕರು ಬಿಟ್ಟುಹೋದರು. ಜರ್ಮನ್ ಮಿಷನ್ನಿನ ಶಾಲೆಯಲ್ಲಿ ಓದಿದ್ದ ಬಿರ್ಸಾ ಮುಂಡನು ದೊರೆಗಳನ್ನೂ ಪಾದ್ರಿಗಳನ್ನೂ ಒಂದೇ ಟೋಪಿಯವರೆಂದು ಎಣಿಸಿ ದಂಗೆಯೆದ್ದನು. 1899ರ ಕ್ರಿಸ್‌ಮಸ್ ಸಮಯದಲ್ಲಿ ಸರವದಾದ ಮಿಷನ್ನಿನ ಮೇಲೂ ಬಾಣಗಳು ಬಂದುವು. ಬಿರ್ಸಾ 1900ರ ಜೂನ್ 9ರಂದು ರಾಂಚಿಯ ಸೆರೆಮನೆಯಲ್ಲಿ ಮಡಿದನು.

ಸರವದಾದಲ್ಲಿದ್ದವರು ಫಾದರ್ ಹಾಫ್‌ಮನ್, ಜರ್ಮನಿಯವರು. ಬಾಣಗಳ ಕಾರಣವನ್ನು ಅವರು ಬಲ್ಲವರಾಗಿದ್ದರೆಂದು ಅವರ ಮುಂದಿನ ಕೆಲಸದಿಂದ ನನಗೆ ತೋರುತ್ತದೆ. ಮುಂಡರ ಭೂಪದ್ಧತಿಯನ್ನು ಕುರಿತು ಸರ್ಕಾರಕ್ಕೆ ತಿಳಿಯಹೇಳಿ, ಆದಿವಾಸಿಯ ನೆಲವು ಪರರ ಪಾಲಾಗದಂತೆ ಕಟ್ಟುಮಾಡಿದ 1908ರ ಛೋಟಾನಾಗಪುರ ಗೇಣಿ ಕಾಯಿದೆಗೆ ನೆರವಾದರು. 1909ರಲ್ಲಿ ರಾಂಚಿಯಲ್ಲಿ ಕಥೋಲಿಕರ ಸಹಕಾರಿ ಸಾಲದ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿ ಒಂದು ಮನೆಯನ್ನು ಏನು ಮಾಡಬಲ್ಲುದೆಂಬುದನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ. ಕಾಯಿದೆಯಿಂದ ಉಳಿದ ಹೊಲವು ಸಾಲದಿಂದ ಹೋಗಬಾರದಷ್ಟೆ.

ಮಹಾಯುದ್ಧದಲ್ಲಿ ಶತ್ರುದೇಶದವರೆಂದು ಆಂಗ್ಲ ಸರ್ಕಾರವು 1915ರಲ್ಲಿ ಅವರನ್ನು ಹೊರಗೆ ಕಳುಹಿಸಿತು. ಜರ್ಮನಿಯಲ್ಲಿದ್ದುಕೊಂಡೇ ಮುಂಡಾರಿ ಭಾಷೆಯ ವಿಶ್ವಕೋಶವನ್ನು ಬರೆಯುತ್ತ, 1928ರಲ್ಲಿ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷ, 1927ರಲ್ಲಿ, ರಾಂಚಿಯು ಸ್ವತಂತ್ರ ಧರ್ಮಪ್ರಾಂತ್ಯವಾಗಿದ್ದಿತು. 2003ರಲ್ಲಿ ಅಲ್ಲಿಯ ಆರ್ಚ್‌ಬಿಷಪ್ಪರಾದ ಉರಾಂವ್ ಕುಲದ ಟೆಲೆಸ್ಫೋರ್ ಟೊಪ್ಪೋ ಅವರು ಕಾರ್ಡಿನಲ್ ಪದವಿಗೇರಿದರು.

ಆ ಕಾಯಿದೆಯನ್ನು ತಿದ್ದಲು ಝಾರ್ಖಂಡದ ಶಾಸನಸಭೆಯು 2016ರಲ್ಲಿ ಮಸೂದೆಯನ್ನು ಅಂಗೀಕರಿಸಿತು. ಹಳ್ಳಿಗಳಲ್ಲಿ ವಿರೋಧವೆದ್ದಿತು, ಮರುವರ್ಷ ರಾಜ್ಯಪಾಲರಾದ ದ್ರೌಪದಿ ಮುರ್ಮು ಅವರು ಸಹಿಮಾಡದೆ ಅದನ್ನು ಹಿಂದಿರುಗಿಸಿದರು.