ಶೋಧಕದ ಎರಡು ಕೆಲಸಗಳು

ಕನ್ನಡದಲ್ಲಿ 'ಶೋಧಿಸು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಾಲನ್ನು ಬಟ್ಟೆಯಲ್ಲಿ ಶೋಧಿಸುತ್ತೇವೆ. ಕಳೆದುಹೋದ ಒಡವೆಯನ್ನೂ ಶೋಧಿಸುತ್ತೇವೆ. ಒಂದು ಸೋಸುವ ಕೆಲಸ, ಇನ್ನೊಂದು ಹುಡುಕುವ ಕೆಲಸ. ರೇಡಿಯೋ ದೂರದರ್ಶಕದ ಗ್ರಾಹಕದಲ್ಲಿ ಅಳವಡಿಸುವ ಶೋಧಕಕ್ಕೂ ಈ ಎರಡು ಕೆಲಸಗಳಿವೆ. ಬೇಡವಾದ ತರಂಗಗಳನ್ನು ತಡೆಯುವುದು ಮೊದಲನೆಯದು. ಅದನ್ನು ಎಲ್ಲರೂ ಬಲ್ಲರು. ಬೇಡವಾದುದು ಎಲ್ಲಿ ಹುಟ್ಟಿತೆಂದು ಹೇಳುವುದು ಎರಡನೆಯದು. ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡುತ್ತಿಲ್ಲವೆಂಬುದೇ ನಮ್ಮ ದೂರು.

ದೊಡ್ಡ ದೂರದರ್ಶಕಕ್ಕೆ ಹೋಗುವ ಮೊದಲು ಒಂದು ಸಣ್ಣ ಸಂಗತಿ. ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಿ ನಾವು ಕೆಲವು ದಿನ ಇಳಿದುಕೊಂಡಿದ್ದಾಗ, ಸಂಜೆಯ ಹೊತ್ತು ಹಳೆಯ ರೇಡಿಯೋವೊಂದರಲ್ಲಿ ಮಧ್ಯಮ ತರಂಗದ ನಿಲಯಗಳನ್ನು ಅರಸುತ್ತಿದ್ದೆವು. ಒಂದು ಸಂಜೆ ಕನ್ನಡದ ನಿಲಯವೂ ಮರಾಠಿಯ ನಿಲಯವೂ ಕರ್ಕಶವಾದ ಗುಂಯಿಗುಡುವಿಕೆಯಲ್ಲಿ ಮುಳುಗಿಹೋದವು. ಹೊಲದ ಪಂಪಿನ ತಪ್ಪೆಂದು ಒಬ್ಬರು, ಬೀದಿಯ ತಂತಿಯದೆಂದು ಇನ್ನೊಬ್ಬರು ತೀರ್ಪಿತ್ತರು. ನಮ್ಮ ಬಳಿ ಮುರಿದ ಯಂತ್ರವೊಂದರಿಂದ ತೆಗೆದಿಟ್ಟ ಫೆರೈಟ್ ಉಂಗುರವೊಂದಿತ್ತು. ರೇಡಿಯೋವಿಗೆ ವಿದ್ಯುತ್ತನ್ನು ತರುವ ತಂತಿಯನ್ನು ಅದರೊಳಗಿಂದ ಎಂಟುಹತ್ತು ಸುತ್ತು ಸುತ್ತಿದೆವು. ಮನೆಯ ೫೦ ಹರ್ಟ್ಸಿನ ವಿದ್ಯುತ್ತಿಗೆ ಇಂಥ ಸುರುಳಿ ಅಡ್ಡಿಯಲ್ಲ. ಲಕ್ಷಾಂತರ ಹರ್ಟ್ಸಿನ ಗದ್ದಲಕ್ಕೆ ಅದು ಗೋಡೆ. ಗದ್ದಲ ಬಹುಮಟ್ಟಿಗೆ ಇಳಿಯಿತು. ಅಲ್ಲಿಗೇ ಬಿಡಬಹುದಾಗಿತ್ತು. ಆದರೆ ಉಂಗುರವು ನಮಗೊಂದು ಉತ್ತರವನ್ನು ಕೊಟ್ಟಿತ್ತು: ಗದ್ದಲದ ಹೆಚ್ಚಿನ ಪಾಲು ಆಕಾಶಮಾರ್ಗವಾಗಿ ಬಂದುದಲ್ಲ, ತಂತಿಯ ಮಾರ್ಗವಾಗಿ ಬಂದುದು. ಉಂಗುರವನ್ನು ಬಿಚ್ಚಿ ಮನೆಯೊಳಗಿನ ಒಂದೊಂದು ಉಪಕರಣದ ತಂತಿಗೂ ತೊಡಿಸುತ್ತ ಹೋದೆವು. ಮೂರನೆಯದಕ್ಕೆ ತೊಡಿಸಿದಾಗ ನಿಲಯಗಳು ಮರಳಿದವು. ಅದು ನಮ್ಮದೇ ಲ್ಯಾಪ್‌ಟಾಪಿನ ಚಾರ್ಜರು! ಪಂಪಿನ ಒಡೆಯನನ್ನು ದೂರಿದವರು ಆಮೇಲೆ ಆ ಮಾತೆತ್ತಲಿಲ್ಲ.

ಗದ್ದಲದ ಮೂಲವನ್ನು ಹುಡುಕುವ ಇಂಥ ಹಟವೇ ರೇಡಿಯೋ ಖಗೋಳವಿಜ್ಞಾನಕ್ಕೆ ಜನ್ಮವಿತ್ತಿತೆಂಬುದನ್ನು ವಾಚಕರು ನೆನೆಯಬೇಕು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಕಾರ್ಲ್ ಜಾನ್‌ಸ್ಕಿಗೆ ಒಪ್ಪಿಸಿದ್ದುದು ಸಾಗರದಾಚೆಯ ರೇಡಿಯೋ ದೂರವಾಣಿಯನ್ನು ಕೆಡಿಸುವ ಗದ್ದಲಗಳ ಪಟ್ಟಿ ಮಾಡುವ ಕೆಲಸ. ೨೦.೫ ಮೆಗಾಹರ್ಟ್ಸಿನಲ್ಲಿ ಆತನಿಗೆ ಹತ್ತಿರದ ಗುಡುಗು ಕೇಳಿಸಿತು, ದೂರದ ಗುಡುಗು ಕೇಳಿಸಿತು. ಅವೆರಡೂ ಅಲ್ಲದ ಸಣ್ಣದೊಂದು ಸುಯ್ಲು ಕೂಡ ಕೇಳಿಸಿತು. ಅದು ದಿನದ ೨೪ ಗಂಟೆಗಲ್ಲ, ೨೩ ಗಂಟೆ ೫೬ ನಿಮಿಷಕ್ಕೊಮ್ಮೆ, ಅಂದರೆ ನಕ್ಷತ್ರಗಳ ಗಡಿಯಾರದಂತೆ ಮರಳುತ್ತಿತ್ತು. ಅದು ಆಕಾಶಗಂಗೆಯ ಧ್ವನಿಯೆಂದು ೧೯೩೩ರಲ್ಲಿ ಜಗತ್ತಿಗೆ ತಿಳಿಯಿತು. ಸುಯ್ಲನ್ನು ಸೋಸಿ ಎಸೆದಿದ್ದರೆ?

ನಮ್ಮ ನಾಡಿನಲ್ಲಿ ಈ ಸುಯ್ಲನ್ನು ಆಲಿಸಲು ಗೌರಿಬಿದನೂರಿನ ಬಳಿ ೧೯೭೦ರ ದಶಕದಲ್ಲಿ ೩೪.೫ ಮೆಗಾಹರ್ಟ್ಸಿನ ದೂರದರ್ಶಕವನ್ನು ಕಟ್ಟಿದರು. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತವಿಜ್ಞಾನ ಸಂಸ್ಥೆಯೂ ಕೂಡಿ ಮಾಡಿದ ಕೆಲಸವದು. ಸಾವಿರ ಆಂಟೆನಾಗಳು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಹರಡಿಕೊಂಡು, ಪೂರ್ವಪಶ್ಚಿಮದ ತೋಳೊಂದೇ ೧.೪ ಕಿಲೋಮೀಟರು ಉದ್ದವಾಗಿತ್ತು. ಇಷ್ಟು ದೊಡ್ಡ ಕಿವಿಗೆ ಆಕಾಶದ ಪಿಸುಮಾತು ಕೇಳಿಸುವಂತೆಯೇ ಮನುಷ್ಯರ ಕೂಗೂ ಕೇಳಿಸುತ್ತದೆ.

ಕೂಗು ನೇರವಾಗಿ ಬಂದರೆ ಗುರುತಿಸುವುದು ಸುಲಭ. ಕಷ್ಟವಿರುವುದು ಗ್ರಾಹಕವೇ ಸುಳ್ಳು ಹೇಳಿದಾಗ. ಉದಾಹರಣೆಗೆ, ಬೆಂಗಳೂರಿನ ಎಫ್.ಎಂ. ಪ್ರಸಾರಗಳಲ್ಲಿ ೯೧.೧ ಮತ್ತು ೧೦೨.೯ ಮೆಗಾಹರ್ಟ್ಸಿನವು ಇವೆ. ಎರಡೂ ಪ್ರಬಲವಾಗಿ ಬಂದು ಮೊದಲನೆಯ ವರ್ಧಕವನ್ನು ತುಂಬಿದರೆ, ಆ ವರ್ಧಕವು ಅವನ್ನು ಹಾಗೆಯೇ ಬೆಳೆಸುವುದನ್ನು ಬಿಟ್ಟು ಒಂದರೊಡನೊಂದನ್ನು ಬೆರೆಸತೊಡಗುತ್ತದೆ. ೯೧.೧ರ ಇಮ್ಮಡಿ ೧೮೨.೨, ಅದರಲ್ಲಿ ೧೦೨.೯ನ್ನು ಕಳೆದರೆ ೭೯.೩. ಯಾರೂ ಪ್ರಸಾರಮಾಡದ ೭೯.೩ ಮೆಗಾಹರ್ಟ್ಸಿನಲ್ಲಿ ಒಂದು ಸಂಕೇತ ಎದ್ದು ನಿಲ್ಲುತ್ತದೆ! ಆ ಕಂಪನಾಂಕವನ್ನೇ ತಡೆಯುವ ಶೋಧಕವನ್ನು ಹಾಕಿದರೆ ಸಂಕೇತ ಮಾಯವಾದೀತು. ಅದರೊಡನೆ ಆಕಾಶವೂ ಮಾಯವಾದೀತು, ಮೂಲವೂ ತಿಳಿಯದು. ಜಾಣನಾದವನು ಬೇರೆ ಪ್ರಶ್ನೆ ಕೇಳುತ್ತಾನೆ. ೮೮ರಿಂದ ೧೦೮ರವರೆಗಿನದನ್ನು ಮಾತ್ರ ತಡೆದು ೭೯.೩ನ್ನು ಬಿಡುವ ಶೋಧಕವನ್ನು ವರ್ಧಕದ ಮುಂದೆ ಇಡುತ್ತಾನೆ. ಸಂಕೇತ ಉಳಿದರೆ ಅದು ಹೊರಗಿನದು. ಶೋಧಕವು ಅದನ್ನು ಮುಟ್ಟದಿದ್ದರೂ ಅದು ಅಳಿದರೆ, ಅದು ಗ್ರಾಹಕದ ಹೊಟ್ಟೆಯಲ್ಲಿ ಹುಟ್ಟಿದ್ದು. ಅದೇ ಶೋಧಕವನ್ನು ವರ್ಧಕದ ಹಿಂದೆ ಇಟ್ಟು ನೋಡಿದರೆ, ಬೆರಕೆ ನಡೆದುದು ಆ ವರ್ಧಕದಲ್ಲೋ ಮುಂದಿನದರಲ್ಲೋ ಎಂಬುದೂ ಗೊತ್ತಾಗುತ್ತದೆ. ಶೋಧಕ ಕೈಗೆಟುಕದಿದ್ದರೆ, ಬರುವ ಶಕ್ತಿಯನ್ನೆಲ್ಲ ಅರ್ಧಕ್ಕಿಳಿಸುವ ಸಾಧನವೊಂದು ಸಾಕು: ನಿಜವಾದ ಸಂಕೇತ ಅರ್ಧವಾಗುತ್ತದೆ, ಈ ಬೆರಕೆಯ ಕೂಸು ಎಂಟನೆಯ ಒಂದು ಪಾಲಿಗೆ ಕುಸಿಯುತ್ತದೆ.

೭೯.೩ ಎಂಬ ಅಂಕಿಯನ್ನು ನಾವು ಸುಮ್ಮನೆ ಆರಿಸಲಿಲ್ಲ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಗುರುತೊಂದು ೭೮ ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಕಂಡಿತೆಂದು, ಪಶ್ಚಿಮ ಆಸ್ಟ್ರೇಲಿಯದಲ್ಲಿ ನಡೆದ ಎಡ್ಜಸ್ ಎಂಬ ಪ್ರಯೋಗದವರು ೨೦೧೮ರಲ್ಲಿ ಸಾರಿದರು. ಸಾವಿರ ಕೆಲ್ವಿನಿಗೂ ಮಿಕ್ಕ ಆಕಾಶದ ಹಿನ್ನೆಲೆಯಲ್ಲಿ ಅರ್ಧ ಕೆಲ್ವಿನಿನ ತಗ್ಗು ಅದು. ಅದನ್ನು ಪರೀಕ್ಷಿಸಲು ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ತಮ್ಮ ಉಪಕರಣದ ಮೂರನೆಯ ರೂಪವನ್ನು ೨೦೨೦ರಲ್ಲಿ ಗೌರಿಬಿದನೂರು ತಾಲ್ಲೂಕಿನ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ನೆಲದ ಪದರಗಳು ಆಂಟೆನಾದ ಗುಣವನ್ನು ಏರುಪೇರು ಮಾಡುತ್ತವೆ, ನೀರು ಒಂದೇ ಸಮನಾಗಿರುತ್ತದೆ; ಊರ ಗದ್ದಲವೂ ಅಲ್ಲಿ ಕಡಮೆ. ಎಡ್ಜಸ್ ಕಂಡ ತಗ್ಗು ಆಕಾಶದ್ದಲ್ಲವೆಂದು ೨೦೨೨ರಲ್ಲಿ ಅವರ ತೀರ್ಪು ಪ್ರಕಟವಾಯಿತು. ಎಫ್.ಎಂ. ಬೆರಕೆಯಿಂದಲೇ ಅಲ್ಲಿ ತಪ್ಪಾಯಿತೆಂದು ನಾವು ಹೇಳುತ್ತಿಲ್ಲ. ಅರ್ಧ ಕೆಲ್ವಿನಿಗಾಗಿ ವಿಶ್ವದ ಚರಿತ್ರೆಯನ್ನೇ ತಿದ್ದಬೇಕಾದಾಗ, ಅದು ಆಕಾಶದ್ದೋ ಉಪಕರಣದ್ದೋ ಎಂಬ ಪ್ರಶ್ನೆಗೆ ಎಷ್ಟು ಬೆಲೆಯೆಂಬುದನ್ನಷ್ಟೇ ತೋರಿಸುತ್ತಿದ್ದೇವೆ.

ಶೋಧಕವೂ ಪುಕ್ಕಟೆಯಲ್ಲ. ವರ್ಧಕದ ಮುಂದಿಟ್ಟ ಶೋಧಕವು ಶಕ್ತಿಯ ಹತ್ತನೆಯ ಒಂದು ಭಾಗವನ್ನು ನುಂಗಿದರೆ, ತನ್ನ ಬಿಸಿಯಿಂದಲೇ ಗ್ರಾಹಕಕ್ಕೆ ಮೂವತ್ತು ಕೆಲ್ವಿನಿಗೂ ತುಸು ಹೆಚ್ಚು ಗದ್ದಲವನ್ನು ಸೇರಿಸುತ್ತದೆ. ೩೪.೫ ಮೆಗಾಹರ್ಟ್ಸಿನಲ್ಲಿ ಆಕಾಶವೇ ಸುಮಾರು ಹತ್ತು ಸಾವಿರ ಕೆಲ್ವಿನು. ಅಲ್ಲಿ ಇದು ಲೆಕ್ಕಕ್ಕಿಲ್ಲ. ಜಲಜನಕದ ೧೪೨೦ ಮೆಗಾಹರ್ಟ್ಸಿನಲ್ಲಿ ಆಕಾಶವು ಕೆಲವೇ ಕೆಲ್ವಿನು. ಅಲ್ಲಿ ಇದು ದುಬಾರಿ. ಆದುದರಿಂದ ಎಲ್ಲೆಡೆಯೂ ಶೋಧಕವನ್ನು ಶಾಶ್ವತವಾಗಿ ಹೂಡಬೇಕೆಂಬುದು ನಮ್ಮ ವಾದವಲ್ಲ. ಹಾಕಿ, ಕೇಳಿ, ಉತ್ತರ ಬಂದ ಮೇಲೆ ತೆಗೆಯಿರಿ.

ಇಷ್ಟು ಶ್ರಮವೇಕೆ, ಕೆಟ್ಟ ಭಾಗವನ್ನು ಗಣಕಯಂತ್ರ ಅಳಿಸಿಬಿಡುವುದಲ್ಲ ಎಂದು ಕೇಳುವವರಿದ್ದಾರೆ. ಅಳಿಸುವುದು ಅನಿವಾರ್ಯವೇ. ಆದರೆ ತುಂಬಿ ತುಳುಕಿದ ವರ್ಧಕವು ಕೆಡಿಸಿದುದನ್ನು ಯಾವ ಗಣಕವೂ ಮರಳಿಸಲಾರದು. ಮೇಲಾಗಿ, ಕಾರಣ ತಿಳಿಯದೆ ಅಳಿಸಿದರೂ ಉಳಿಸಿದರೂ ಸಂದೇಹ ಹೋಗದು. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿನ ೬೪ ಮೀಟರಿನ ದೂರದರ್ಶಕದ ದಾಖಲೆಯಲ್ಲಿ, ಬಹುದೂರದಿಂದ ಬಂದಂಥ ಕ್ಷಣಿಕವಾದ ರೇಡಿಯೋ ಸ್ಫೋಟವೊಂದು ೨೦೦೭ರಲ್ಲಿ ಬೆಳಕಿಗೆ ಬಂತು. ಅದನ್ನೇ ಹೋಲುವ, ಆದರೆ ನಿಸ್ಸಂದೇಹವಾಗಿ ಭೂಮಿಯವೇ ಆದ ಕೆಲವು ಸಂಕೇತಗಳೂ ಅಲ್ಲಿಯೇ ಕಂಡವು. ಮೊದಲನೆಯದೂ ಇದೇ ಜಾತಿಯದಿರಬಹುದೆಂದು ವರ್ಷಗಟ್ಟಲೆ ಅನುಮಾನಿಸಿದರು. ೨೦೧೫ರಲ್ಲಿ, ಬೇರೆ ಕಂಪನಾಂಕಗಳನ್ನು ಕಾಯುವ ಗ್ರಾಹಕವೊಂದು ಅದೇ ಕ್ಷಣಗಳಲ್ಲಿ ೨.೪ ಗಿಗಾಹರ್ಟ್ಸಿನ ಸಂಕೇತವನ್ನು ತೋರಿಸಿತು. ಅಪರಾಧಿ ಅಡುಗೆಮನೆಯ ಮೈಕ್ರೋವೇವ್ ಒಲೆ. ಅದು ನಿಲ್ಲುವ ಮೊದಲೇ ಬಾಗಿಲನ್ನು ಎಳೆದಾಗ ಅರೆಕ್ಷಣ ಸೋರುತ್ತಿತ್ತು! ಮೂಲ ಸಿಕ್ಕಿದ ಮೇಲೆ, ನಿಜವಾದ ಸ್ಫೋಟಗಳ ಮೇಲಿನ ಆ ಕಳಂಕ ಹೋಯಿತು.

ಎರಡು ಕೆಲಸಗಳೂ ಒಟ್ಟಿಗೆ ನಡೆಯುವ ಸ್ಥಳವೊಂದು ಕರೋಶಿಯವರಿಗೆ ಗೌರಿಬಿದನೂರಿಗಿಂತ ಸಮೀಪದಲ್ಲಿದೆ. ಉತ್ತರಕ್ಕೆ ನೇರವಾಗಿ ಸುಮಾರು ೩೦೦ ಕಿಲೋಮೀಟರು ಹೋದರೆ, ಪುಣೆ ಜಿಲ್ಲೆಯ ಖೋಡದದಲ್ಲಿ, ೪೫ ಮೀಟರು ವ್ಯಾಸದ ೩೦ ಬೋಗುಣಿಗಳ ದೂರದರ್ಶಕ. ಸುತ್ತಲಿನ ವಿದ್ಯುತ್ ತಂತಿಯಲ್ಲಿ ಸಡಿಲವಾದ ಜೋಡಣೆಯೊಂದಿದ್ದರೆ ಅದು ಸೆಕೆಂಡಿಗೆ ನೂರು ಸಲ ಕಿಡಿ ಕಾರುತ್ತದೆ. ಆ ಕಿಡಿಗಳನ್ನು ಬಂದ ಕ್ಷಣದಲ್ಲೇ ಸೋಸುವ ವ್ಯವಸ್ಥೆ ಅಲ್ಲಿದೆ. ಕಿಡಿಯ ಕಂಬವನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ.

ನಮ್ಮ ಕಾಲೇಜುಗಳಿಂದ ನಾವು ಬಯಸುವುದು ಅಷ್ಟು ದೊಡ್ಡದಲ್ಲ. ಮಧ್ಯಮ ತರಂಗದ ಕಾಲದಲ್ಲಿ ಪ್ರಬಲ ನಿಲಯದ ನೆರೆಯಲ್ಲಿದ್ದ ರೇಡಿಯೋ ಹವ್ಯಾಸಿಗಳು 'ತರಂಗದ ಬಲೆ'ಯೊಂದನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ೨೦೦ ಮೈಕ್ರೋಹೆನ್ರಿಯ ಸುರುಳಿಗೆ ಸಮಾಂತರವಾಗಿ ಸುಮಾರು ೨೧೬ ಪಿಕೋಫ್ಯಾರಡಿನ ಕಂಡೆನ್ಸರು. ಏರಿಯಲ್ಲಿಗೂ ರೇಡಿಯೋವಿಗೂ ನಡುವೆ ಇದನ್ನಿಟ್ಟರೆ, ಧಾರವಾಡದ ಆಕಾಶವಾಣಿಯು ಪ್ರಸಾರಮಾಡುತ್ತ ಬಂದ ೭೬೫ ಕಿಲೋಹರ್ಟ್ಸಿಗೆ ಬಾಗಿಲು ಮುಚ್ಚುತ್ತದೆ. ಕಂಡೆನ್ಸರನ್ನು ತಿರುಗಿಸಿದರೆ ಬೇರೊಂದು ನಿಲಯಕ್ಕೆ. ಪ್ರತಿ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೂ ಇಂಥದೊಂದು ಬಲೆಯಿರಲಿ. ಹಾಕಿದಾಗ ಯಾವುದು ಮಾಯವಾಯಿತು, ಮಾಯವಾಗಬಾರದ್ದು ಯಾವುದಾದರೂ ಮಾಯವಾಯಿತೇ, ಹೊಸದಾಗಿ ಕೇಳಿಸಿದ್ದು ಯಾವುದು, ಮೂರನ್ನೂ ವಿದ್ಯಾರ್ಥಿಯು ತನ್ನ ಪುಸ್ತಕದಲ್ಲಿ ಬರೆಯಲಿ.